ಅನಂತರಾಜು ಮಾಡಿಸಿದ ಬ್ರೌಸರ್ ಪಾಲು

ಹೊಸ ಲ್ಯಾಪ್‌ಟಾಪಿನ ಕ್ಯಾಮೆರಾ ಕೆಟ್ಟಿದೆ ಎಂದು ಅನಂತರಾಜು ರಾಮನಗರದ ಅಂಗಡಿಯವನನ್ನು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದದ್ದು ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಮಾಗಡಿಯ ತನ್ನ ಆಫೀಸಿನಲ್ಲಿ, ನಾಲ್ಕು ಜನ ಗಿರಾಕಿಗಳ ಎದುರಿನಲ್ಲಿ. ಪತ್ರಕ್ಕೆ ಫೋಟೋ ತೆಗೆಸಿಕೊಳ್ಳಲು ಕೂತಿದ್ದ ಗಿರಾಕಿ ದಾಸಪ್ಪನ ಮುಖ ಪರದೆಯಲ್ಲಿ ಕಾಣಬೇಕಾದ ಜಾಗದಲ್ಲಿ ಬರೀ ಕೆಂಪು ಕಾಣುತ್ತಿತ್ತು. ದಾಸಪ್ಪನನ್ನು ಎಡಕ್ಕೆ ಕೂರಿಸಿದ, ಬಲಕ್ಕೆ ಕೂರಿಸಿದ, ತನ್ನ ಕನ್ನಡಕ ಒರೆಸಿಕೊಂಡ. ಕೆಂಪು ಹೋಗಲಿಲ್ಲ.

"ತಗೊಂಡು ನಾಕು ದಿನ ಆಗಿಲ್ಲ, ಆಗ್ಲೇ ಕಣ್ಣು ಹೋಗೈತೆ! ಇಂಥ ಮಾಲು ಮಾರಾಕೆ ನಾಚ್ಕೆ ಆಗಾಕಿಲ್ವಾ ಸಾದಿಕ್?"

ಅಂಗಡಿಯ ಸಾದಿಕ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ವಿನಯವಾಗಿ ಕೇಳಿದ: "ಸಾರ್, ಮನೇಲಿ ಪೂಜೆ ಮಾಡಿದ್ರಾ?"

ಫೋನು ಸ್ಪೀಕರಿನಲ್ಲಿತ್ತು. ಹೆಂಡತಿ ಸುಚಿತ್ರಾ ಲ್ಯಾಪ್‌ಟಾಪಿಗೆ ಹೂವೇರಿಸಿ, ಹಣೆ ಎಲ್ಲಿದೆಯೆಂದು ಅಳತೆ ಹಿಡಿದು ನೋಡಿದವಳಂತೆ ಸರಿಯಾಗಿ ಕ್ಯಾಮೆರಾದ ಮೇಲೇ ಕುಂಕುಮ ಇಟ್ಟಿದ್ದಳು. ಅನಂತರಾಜು ಕರ್ಚೀಫಿನಿಂದ ಒರೆಸಿದ. ದಾಸಪ್ಪನ ಮುಖ ಬಂತು. ಅದು ನಗುತ್ತಿತ್ತು.

ಅನಂತರಾಜು ಇಪ್ಪತ್ತೇಳು ವರ್ಷದಿಂದ ಪತ್ರ ಬರಹಗಾರ. ಕ್ರಯ, ದಾನ, ಭೋಗ್ಯ, ವಿಭಾಗ, ಯಾವ ಪತ್ರ ಬೇಕಾದರೂ ಬರೆದುಕೊಡುತ್ತಾನೆ. ಕೈಬರಹದ ಕಾಲದಲ್ಲಿ ತನ್ನ ಅಕ್ಷರ ನೋಡಿಯೇ ಜನ ಜಮೀನು ಮಾರಲು ಮನಸ್ಸು ಮಾಡುತ್ತಿದ್ದರು ಎಂದು ಅವನೇ ಹೇಳಿಕೊಳ್ಳುವುದುಂಟು. ಆಮೇಲೆ ಟೈಪು ಬಂತು, ಕಂಪ್ಯೂಟರ್ ಬಂತು, ಕೊನೆಗೆ ಎಲ್ಲವೂ ಆನ್‌ಲೈನ್ ಆಯಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಎಡಮೂಲೆಯ ಚಿತ್ರ ಒತ್ತುವುದು. ನೋಂದಣಿ ಕಚೇರಿಗೆ ಪತ್ರ ಕಳಿಸುವ ಪುಟ ತಾನಾಗಿ ಬರುವುದು. ತನ್ನ ಹೆಸರು, ಪಾಸ್‌ವರ್ಡ್ ತಾವಾಗಿ ತುಂಬಿಕೊಳ್ಳುವುದು. ಒಂಬತ್ತು ವರ್ಷ ಅದನ್ನೇ ಅವನು ಇಂಟರ್ನೆಟ್ ಎಂದು ತಿಳಿದಿದ್ದ. ಅದು ಬ್ರೌಸರ್, ಅಂಥವು ಇನ್ನೂ ಬೇರೆ ಬೇರೆ ಇವೆ, ಅವುಗಳಲ್ಲಿ ಒಂದನ್ನು ನಾವೇ ಆರಿಸಿಕೊಳ್ಳಬೇಕು ಎಂಬುದು ಐವತ್ನಾಲ್ಕನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಗೊತ್ತಾಗಲು ಆರಿಸಿಕೊಂಡ ದಿನವೂ ಚೆನ್ನಾಗಿತ್ತು. ಕುದೂರು ಕಡೆಯ ದಾಸಪ್ಪ ಮತ್ತು ಅವನ ತಮ್ಮ ಚೆಲುವಯ್ಯ ಹದಿನಾಲ್ಕು ವರ್ಷ ಕಿತ್ತಾಡಿ ಕೊನೆಗೂ ಆಸ್ತಿ ಪಾಲಿಗೆ ಒಪ್ಪಿದ್ದರು. ಇದೇ ವಿಭಾಗ ಪತ್ರವನ್ನು ಅನಂತರಾಜು ಹಿಂದೆ ಮೂರು ಸಲ ಬರೆದು ಮೂರು ಸಲ ಹರಿದಿದ್ದ. ಒಂದು ಸಲವಂತೂ ಬದುವಿನ ಮೇಲಿನ ಒಂದು ಹಲಸಿನ ಮರಕ್ಕಾಗಿ. ಈಗ ಇಬ್ಬರೂ ಹಾಕಿದ್ದ ಷರತ್ತು ಒಂದೇ: ಹನ್ನೆರಡಕ್ಕೆ ರಾಹುಕಾಲ ಶುರು, ಅಷ್ಟರೊಳಗೆ ಪತ್ರ ಆನ್‌ಲೈನಿನಲ್ಲಿ ಹೋಗಿರಬೇಕು. ಇಲ್ಲದಿದ್ದರೆ ಎದ್ದು ಹೊರಡುವುದು. ಇವರು ಎದ್ದು ಹೊರಟರೆ ಮತ್ತೆ ಕೂರುವುದು ಮುಂದಿನ ಪೀಳಿಗೆಯೇ ಎಂದು ಅನಂತರಾಜುವಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಫೋಟೋ ತೆಗೆದು, ಒಂದು ಟೀ ಕುಡಿದು ಬರೋಣವೆಂದು ಹೊರಗೆ ಹೋದದ್ದೇ ತಪ್ಪು. ಬರುವಷ್ಟರಲ್ಲಿ ದಾಸಪ್ಪನ ಮಗ ಲೋಕೇಶ್ ಸಹಾಯ ಮಾಡುವವನಂತೆ ಒಂದು ಬ್ರೌಸರ್ ಹಾಕಿದ್ದ. ಚೆಲುವಯ್ಯನ ಮಗಳು ಭಾನುಪ್ರಿಯ ಅದು ಸರಿಯಿಲ್ಲವೆಂದು ಇನ್ನೊಂದು ಹಾಕಿದ್ದಳು. ಅನಂತರಾಜು ಕೂತದ್ದೇ ತಡ, 'ನನ್ನನ್ನೇ ಮುಖ್ಯ ಬ್ರೌಸರ್ ಮಾಡಿಕೊಳ್ಳುವಿರಾ?' ಎಂದು ಒಂದು ಕೇಳಿತು. ಅದನ್ನು ಮುಚ್ಚಿದರೆ ಇನ್ನೊಂದೂ ಅದನ್ನೇ ಕೇಳಿತು. ಮದುವೆಗೆ ಮುಂಚೆ ಕೂಡ ಅವನನ್ನು ಇಷ್ಟು ಜನ ಕೇಳಿರಲಿಲ್ಲ.

"ನಮ್ದು ಫಾಸ್ಟು ಅಂಕಲ್," ಎಂದ ಲೋಕೇಶ್.

"ಫಾಸ್ಟಂತೆ! ಅದು ನಾವ್ ಮಾಡೋದ್ನೆಲ್ಲ ನೋಡ್ತಾ ಇರ್ತದೆ ಅಂಕಲ್," ಎಂದಳು ಭಾನುಪ್ರಿಯ.

ದಾಸಪ್ಪ ಬೆಂಚಿನಿಂದ ಮುಂದಕ್ಕೆ ಬಾಗಿದ. "ಬ್ರೌಸರ್ ಅಂದ್ರೇನು ರಾಜಣ್ಣ?"

"ಬಸ್ಸಿದ್ದಂಗೆ ದಾಸಪ್ಪನೋರೇ. ಯಾವ್ದು ಹತ್ತಿದ್ರೂ ಹೋಗೋದು ರಾಮನಗರಕ್ಕೇ."

ಹೋಲಿಕೆ ಚೆನ್ನಾಗಿ ಬಂತೆಂದು ಅನಂತರಾಜುವಿಗೆ ಒಂದು ಕ್ಷಣ ಹೆಮ್ಮೆಯಾಯಿತು.

"ಎಲ್ಲಾ ಅಲ್ಲಿಗೇ ಹೋಗೋದಾದ್ರೆ ಅವ್ನ ಮಗನ ಬಸ್ನೇ ಯಾಕ್ ಹತ್ತಬೇಕು?" ಎಂದ ಚೆಲುವಯ್ಯ.

"ನಿನ್ ಮಗಳ ಬಸ್ಸು ನಡುದಾರೀಲಿ ಇಳಿಸ್ಬುಟ್ರೆ ಯಾರ್ಲಾ ಹೊಣೆ?"

"ಇಳಿಸ್ದೋರ್ ಯಾರು ಅಂತ ಊರಿಗೇ ಗೊತ್ತೈತೆ, ಸುಮ್ಕಿರಣ್ಣ!"

"ಯಾವಾಗ್ಲಾ ಇಳಿಸ್ದೆ ನಿನ್ನ? ಯೋಳು!"

ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ಅನಂತರಾಜು ಮೂರನೆಯ ಚಿತ್ರ ತೋರಿಸಿದ. "ಇದ್ರಲ್ಲಿ ಕಳಿಸ್ತೀನಿ. ಇದು ಯಾರ ಕಡೇದೂ ಅಲ್ಲ, ಲ್ಯಾಪ್‌ಟಾಪ್ ಜೊತೇಲೇ ಬಂದಿದ್ದು."

"ದುಡ್ಡು ಕೊಡ್ದಲೇ ಬಂದಿದ್ದಾ?" ಎಂದ ದಾಸಪ್ಪ.

"ಹೂಂ."

"ಬಿಟ್ಟಿ ಬಂದಿದ್ರಲ್ಲಿ ನಮ್ಮ ಪತ್ರ ಬ್ಯಾಡ," ಎಂದರು ಇಬ್ಬರೂ ಒಟ್ಟಿಗೆ. ಉಳಿದ ಎರಡೂ ಬಿಟ್ಟಿಯೇ ಎಂದು ಹೇಳುವ ಧೈರ್ಯ ಅನಂತರಾಜುವಿಗೆ ಬರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅಣ್ಣತಮ್ಮ ಒಮ್ಮತಕ್ಕೆ ಬಂದ ಎರಡನೆಯ ವಿಷಯ ಅದು, ಕೆಡಿಸಲು ಮನಸ್ಸಾಗಲಿಲ್ಲ.

ಹನ್ನೊಂದೂ ಮೂವತ್ತೈದಕ್ಕೆ ಅವನ ತಾಳ್ಮೆ ಮುಗಿಯಿತು. ಕಂಪ್ಯೂಟರಿನ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ, ನಿಜ. ಆದರೆ ಪಾಲು ಮಾಡಿಸುವುದು ಗೊತ್ತಿತ್ತು. ಹೊಲವಾಗಲಿ, ಹಸುವಾಗಲಿ, ಆ ಸೀಮೆಯ ಪದ್ಧತಿ ಒಂದೇ: ದೊಡ್ಡವನು ಭಾಗ ಹಾಕಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು.

"ದಾಸಪ್ಪನೋರೇ, ನೀವು ಹಿರೀಕರು. ಭಾಗ ಹಾಕಿ," ಎಂದು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದ.

ದಾಸಪ್ಪನಿಗೆ ಗತ್ತು ಬಂತು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಹೆಬ್ಬೆರಳನ್ನು ಪರದೆಗೆ ಊರಿಯೇ ತೋರಿಸಿದ: "ಇದೊಂದು ಭಾಗ. ಇದೊಂದು ಭಾಗ." ಹೊಸ ಪರದೆಯ ಮೇಲೆ ಎರಡು ಹೆಬ್ಬೆಟ್ಟಿನ ಗುರುತು ಬಿದ್ದವು.

ಚೆಲುವಯ್ಯ ಎದ್ದು ಬಂದ. ಹೊಲ ನೋಡುವವನಂತೆ ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ಭಾನುಪ್ರಿಯ ತನ್ನದನ್ನು ಕಣ್ಣಿನಲ್ಲೇ ತೋರಿಸುತ್ತಿದ್ದಳು. ಚೆಲುವಯ್ಯ ಅಣ್ಣನ ಮುಖ ನೋಡಿದ, ಮತ್ತೆ ಪರದೆ ನೋಡಿದ. ಗಡಿಯಾರ ನೋಡುವ ಕೆಲಸ ಮಾತ್ರ ಅನಂತರಾಜುವಿಗೆ ಉಳಿದಿತ್ತು.

"ನಂಗೆ ಇದು," ಎಂದು ಚೆಲುವಯ್ಯ ಲೋಕೇಶನ ಬ್ರೌಸರಿನ ಮೇಲೆ ಬೆರಳಿಟ್ಟ.

"ಅಪ್ಪಾ!" ಎಂದಳು ಭಾನುಪ್ರಿಯ.

"ನೀ ಸುಮ್ಕಿರವ್ವ. ನಿನ್ ದೊಡ್ಡಪ್ಪ ಅದ್ಕೇ ಆಸೆ ಬಿದ್ದವ್ನೆ ಅಂದ್ರೆ ಅದ್ರಲ್ಲಿ ಏನೋ ಐತೆ."

ಪೂರ್ತಿ ಗೆಲುವು ದಾಸಪ್ಪನದೇ. ತನ್ನ ಮಗನ ಬ್ರೌಸರ್ ತಮ್ಮನ ಬಾಯಿಂದಲೇ ಒಪ್ಪಿಗೆಯಾಗಿತ್ತು. ಅನಂತರಾಜು ಮೌಸ್ ಹಿಡಿಯುವಷ್ಟರಲ್ಲಿ ದಾಸಪ್ಪನ ಮುಖ ಸಣ್ಣಗಾಯಿತು.

"ತಡೀರಿ ರಾಜಣ್ಣ. ಸ್ವಂತ ಮಗಳು ಹಾಕಿದ್ದನ್ನ ಇವ್ನು ನನಗೆ ಬುಟ್ಟುಕೊಟ್ಟ ಅಂದ್ರೆ... ಇದ್ರಲ್ಲಿ ಒಸಿ ಮೋಸ ಐತೆ. ನಂಗೂ ಅದೇ ಬೇಕು."

"ನಿಮ್ಮ ಭಾಗಕ್ಕೆ ಬಂದಿದ್ದು ಇನ್ನೊಂದು!" ಎಂದ ಅನಂತರಾಜು.

"ಹಂಗಾರೆ ನನ್ ಭಾಗದಲ್ಲಿ ಏನ್ ಕೆಲ್ಸ ಆಯ್ತದೆ? ಅದು ಬೀಳು ಬೀಳಬೇಕಾ?"

ಹನ್ನೊಂದೂ ನಲವತ್ತೈದು. ಅನಂತರಾಜು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ಆ ಸ್ಥಿತಿಯಲ್ಲೇ ತೀರ್ಪು ಕೊಟ್ಟ: "ಪತ್ರ ಕಳಿಸೋದು ಚೆಲುವಯ್ಯನೋರ ಬ್ರೌಸರಲ್ಲಿ. ಕಳಿಸಿದ್ಮೇಲೆ ರಸೀತಿ ತೆಗೆಯೋದು ದಾಸಪ್ಪನೋರ ಬ್ರೌಸರಲ್ಲಿ. ರಸೀತಿ ಇಲ್ದೆ ಪತ್ರಕ್ಕೆ ಬೆಲೆ ಇಲ್ಲ. ಆಯ್ತಾ?"

ರಸೀತಿಯೇ ಮೇಲು ಎಂದು ದಾಸಪ್ಪ ಒಪ್ಪಿದ. ಕಳಿಸುವುದೇ ಮೇಲು ಎಂದು ಚೆಲುವಯ್ಯ ಒಪ್ಪಿದ.

ಒಂದು ಕಡೆ ಹೆಸರು, ಪಾಸ್‌ವರ್ಡ್, ಫೋನಿಗೆ ಬಂದ ಓಟಿಪಿ. ಪಾಸ್‌ವರ್ಡ್ ಒಂಬತ್ತು ವರ್ಷದಿಂದ ತಾನಾಗಿ ತುಂಬಿಕೊಳ್ಳುತ್ತಿದ್ದದ್ದು; ಈಗ ಹಳೆಯ ಕ್ಯಾಲೆಂಡರಿನ ಬೆನ್ನಿನಿಂದ ಹುಡುಕಿ ತೆಗೆಯಬೇಕಾಯಿತು. ಪತ್ರ ಹೋದಾಗ ಹನ್ನೊಂದೂ ಐವತ್ತಾರು. ಕೂಡಲೇ ಇನ್ನೊಂದು ಕಡೆ ಮತ್ತೆ ಹೆಸರು, ಮತ್ತೆ ಪಾಸ್‌ವರ್ಡ್, ಮತ್ತೆ ಓಟಿಪಿ. ರಸೀತಿ ಪ್ರಿಂಟರಿನಿಂದ ಹೊರಗೆ ಬರುವಾಗ ಹನ್ನೊಂದೂ ಐವತ್ತೊಂಬತ್ತು. ಭಾನುಪ್ರಿಯ ಮತ್ತು ಲೋಕೇಶ್ ಅಷ್ಟು ಹೊತ್ತಿಗೆ ಹೊರಗೆ ನಿಂತು ಒಂದೇ ಪೊಟ್ಟಣದ ಕಡಲೆಕಾಯಿ ತಿನ್ನುತ್ತಿದ್ದರು.

ದಾಸಪ್ಪ ರಸೀತಿಯನ್ನು ತಮ್ಮನಿಗೆ ಕಾಣದಂತೆ ಮಡಿಚಿ ಜೇಬಿಗಿಟ್ಟ. ಚೆಲುವಯ್ಯ ಪರದೆಯ ಮೇಲಿನದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡ. ಇಬ್ಬರೂ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಲು ಸಿಕ್ಕ ದಿನಾಂಕ ಒಂಬತ್ತು ದಿನ ಬಿಟ್ಟು. ಸಹಿ ಬೀಳುವ ತನಕ ಯಾರು ಬೇಕಾದರೂ ಒಲ್ಲೆ ಎನ್ನಬಹುದು.

"ಒಂಬತ್ತು ದಿನ," ಎಂದ ಚೆಲುವಯ್ಯ ಚಪ್ಪಲಿ ಮೆಟ್ಟುತ್ತ. "ಅಲ್ಲೀಗಂಟ ನಾವೇನಾರ ಮಾಡ್ಬೇಕಾ ರಾಜಣ್ಣ?"

ಅನಂತರಾಜು ಲ್ಯಾಪ್‌ಟಾಪ್ ಮುಚ್ಚಿದ.

"ಏನಿಲ್ಲ. ಒಬ್ರಿಗೊಬ್ರು ಸಿಕ್ಬೇಡಿ."