ಜಪಾನಿನಲ್ಲಿ ಕಲಿತ ಮೊದಲ ಪಾಠ

ರೇಷ್ಮೆಹುಳು ಸಾಕುವ ಹೊಸ ವಿಧಾನ ಕಲಿತು ಬಾ ಎಂದು ಸರ್ಕಾರ ನನ್ನೊಬ್ಬನನ್ನೇ ಹಡಗು ಹತ್ತಿಸಿ ಜಪಾನಿಗೆ ಕಳಿಸಿತ್ತು. ತಿಂಗಳುಗಟ್ಟಲೆ ಇದ್ದು ಬಂದು ನಮ್ಮೂರು ಕುದೇರಿನಲ್ಲಿ ಬಸ್ಸಿಳಿದಾಗ ತಡೆಯಲಾರದ ಹುರುಪು. ಟ್ರಂಕನ್ನು ಜಗಲಿ ಮೇಲಿಟ್ಟು ಬೂಟುಗಾಲಲ್ಲೇ ನಮ್ಮ ಹುಳದ ಮನೆಗೆ ನುಗ್ಗಹೋದೆ. ಸೊಪ್ಪು ಹಾಕುತ್ತಿದ್ದ ಅವ್ವ ಬಾಗಿಲಿಗೆ ಅಡ್ಡ ಬಂದಳು.

"ಅಲ್ಲೇ ನಿಂತ್ಕೊ ಕಣ್ಲಾ. ಯಾವ್ಯಾವ ಊರ್ ಮಣ್ ಮೆಟ್ಟಿದ್ದೀಯೋ."

"ಅಲ್ಲಿ ದಿನಕ್ಕೊಂದು ಹುಳದ ಮನೆ ಹೊಕ್ಕು ಬಂದಿದ್ದೀನಿ ಕಣವ್ವ."

"ಅದ್ಕೇ ಬ್ಯಾಡ ಅಂದಿದ್ದು. ಮೊದ್ಲು ಕೈಕಾಲ್ ತೊಳ್ಕೊ. ನಮ್ ಉಳ ಸಾಯ್ಸ್‌ಬುಟ್ಟೀಯ."

ನನಗೆ ರೇಗಿತು. ಹೊಸ ವಿದ್ಯೆ ಏನೆಂದು ತೋರಿಸಿಯೇ ಬಿಡೋಣವೆಂದು ನೋಟ್‌ಬುಕ್ಕು ತೆಗೆದು ಮೊದಲ ಪುಟ ಜೋರಾಗಿ ಓದಿದೆ. ಜಪಾನಿನಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡಿದ್ದ ಅಜ್ಜಿ ಕೈಸನ್ನೆಯಲ್ಲೇ ಕಲಿಸಿದ ಪಾಠ ಅದು: 'ಹುಳದ ಮನೆ ಹೊಗುವ ಮುಂಚೆ ಕೈಕಾಲು ತೊಳೆಯತಕ್ಕದ್ದು.' ಅದರಡಿ ಎರಡು ಗೀಟು ಬೇರೆ ಎಳೆದಿದ್ದೆ.

ಅವ್ವ ನಗಲಿಲ್ಲ. "ಆ ಯಮ್ಮಂಗೆ ಕೆಲ್ಸ ಗೊತ್ತದೆ" ಅಂದು ನೀರಿನ ತಂಬಿಗೆ ತೋರಿಸಿದಳು.

ನೀರು ಕೊರೆಯುತ್ತಿತ್ತು. ಜಪಾನಿನ ಅಜ್ಜಿ ನೀರು ಕಾಯಿಸಿ ಕೊಡುತ್ತಿದ್ದಳು ಎಂಬುದೊಂದನ್ನು ಮಾತ್ರ ನಾನು ಅವ್ವನಿಗೆ ಇವತ್ತಿನವರೆಗೂ ಹೇಳಿಲ್ಲ.