ಗೋಡೆ ದಾಟಿ ಬಂದ ಗಿಣ್ಣು

ನಮ್ಮತ್ತೆ ಲಕ್ಷ್ಮಿದೇವಮ್ಮನವರಿಗೆ ಹಗೆ ಸಾಧಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಸುವಿನ ಹೆರಿಗೆ ಮಾಡಿಸುವುದನ್ನೂ ಅಷ್ಟೇ. ಹೇರೋಹಳ್ಳಿಯಲ್ಲಿ ಉಳಿದಿರುವ ನಾಲ್ಕಾರು ಕೊಟ್ಟಿಗೆಗಳಲ್ಲಿ ಯಾವ ಹಸು ನೋವು ತಿಂದರೂ ಇವರಿಗೇ ಕರೆ ಬರುತ್ತದೆ. ಕೂಲಿ ಕೇಳಿದವರಲ್ಲ. ಕರು ಕುಡಿದು ಮಿಕ್ಕ ಗಿಣ್ಣುಹಾಲು ಮೊದಲು ಇವರ ಮನೆಗೆ ಬರಬೇಕು, ಅಷ್ಟೇ. ಬೆಲ್ಲ ಹಾಕಿ ಬೇಯಿಸಿದ ಗಿಣ್ಣನ್ನು ಬಾಯಿಗಿಟ್ಟುಕೊಂಡಾಗ ಮಾತ್ರ ನಮ್ಮತ್ತೆ ಯಾರನ್ನೂ ಬೈಯುವುದಿಲ್ಲ.

ಮಾವ ತೀರಿಕೊಂಡ ಮೇಲೆ ಅವರ ತಮ್ಮ ಮರಿಯಪ್ಪ ಪಾಲು ಕೇಳಿದರು. ಕೊಟ್ಟಿಗೆ ಅವರ ಕಡೆ ಹೋಯಿತು, ಕರುವಾಗಿನಿಂದ ಅತ್ತೆ ಸಾಕಿದ ಹಸು ಗೌರಿಯೂ ಹೋದಳು. ಅದೂ ಸಾಲದೆಂದು ಆ ಮನುಷ್ಯ ನಡುವೆ ಗೋಡೆ ಎಬ್ಬಿಸಿ ಮೇಲೆ ಗಾಜಿನ ಚೂರು ನೆಡಿಸಿದರು. ಆ ಮನೆಯ ತೊಟ್ಟು ನೀರನ್ನೂ ಮುಟ್ಟುವುದಿಲ್ಲವೆಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಆಣೆ ಇಟ್ಟರು. ಆದರೆ ಗೌರಿ ಆಚೆ ಕೂಗಿದರೆ ಈಚೆ ಇವರು ತಟ್ಟೆ ಬಿಟ್ಟು ಏಳುತ್ತಿದ್ದರು.

ಮೊನ್ನೆ ಭಾನುವಾರ ಗೌರಿಗೆ ನೋವು ಶುರುವಾಗಿ ಕರು ಅಡ್ಡ ಸಿಕ್ಕಿಕೊಂಡಿತು. ಮರಿಯಪ್ಪ ನಮ್ಮ ಗೇಟಿಗೆ ಬಂದು ನಿಂತರು.

"ಅತ್ತಿಗೆ, ಬನ್ನಿ. ಡಾಕ್ಟ್ರು ಬರೋದ್ರೊಳಗೆ ಹಸು ಸತ್ತೋಗುತ್ತೆ."

"ಈಗ ಅತ್ತಿಗೆ ಆದ್ನಾ? ಗಾಜು ನೆಡ್ಸೋವಾಗ ಯಾರಾಗಿದ್ದೆ ನಾನು?"

"ಹೋಗ್ಬೇಡಿ ಅತ್ತೆ, ಅನುಭವಿಸ್ಲಿ" ಎಂದೆ. ನನಗೂ ಸಿಟ್ಟಿತ್ತು, ಈಗಲೂ ಇದೆ.

"ಅವನು ಅನುಭವಿಸ್ಲಿ ಕಣೇ ಕುಸುಮಾ. ಗೌರಿ ಯಾಕೆ ಅನುಭವಿಸ್ಬೇಕು?"

ಅತ್ತೆ ಆಚೆ ಕೊಟ್ಟಿಗೆಗೆ ನಡೆದರು. ಕೈಗೆ ಹರಳೆಣ್ಣೆ ಸವರಿಕೊಂಡು ಒಳಗೆ ಮಡಚಿಕೊಂಡಿದ್ದ ಕರುವಿನ ಕಾಲನ್ನು ನೆಟ್ಟಗೆ ಮಾಡಿದರು. ಬಾಯಲ್ಲಿ ಮೈದುನನಿಗೆ ಶಾಪ, ಕೈಯಲ್ಲಿ ಹಸುವಿಗೆ ಸಮಾಧಾನ. "ಹಿಡ್ಕೊಳೋ ಮನೆಹಾಳ! ಅವಳು ತಿಣುಕಿದಾಗ ಮಾತ್ರ ಎಳಿ!" ಕೊನೆಗೆ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಹೆಣ್ಣು. ಅದು ಉಸಿರಾಡಿದ ಮೇಲೆ ಅತ್ತೆ ಕೈ ತೊಳೆಯಲೂ ಅಲ್ಲಿ ನಿಲ್ಲದೆ ನಮ್ಮನೆ ನಲ್ಲಿಗೇ ಬಂದರು.

ಸಂಜೆ ಗೋಡೆಯ ಮೇಲೆ ಒಂದು ಪಾತ್ರೆ ಕಾಣಿಸಿತು. ಗಿಣ್ಣುಹಾಲು. ಬೇಡವೆಂದರೆ ಹಸುವಿನ ಕೆಚ್ಚಲಿಗೆ ಕೇಡು ಎಂಬುದು ನಮ್ಮವರ ನಂಬಿಕೆ. ತೆಗೆದುಕೊಂಡರೆ ಆಣೆ ಹೋಯಿತು. ಅತ್ತೆ ಬಹಳ ಹೊತ್ತು ಅದನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಸ್ಟೂಲ್ ಹತ್ತಿ ಕೈ ಚಾಚಿದರು. ಗಾಜು ಮೊಣಕೈ ತರಚಿತು.

"ಇದು ಗೌರಿ ಹಾಲು. ಅವನ ಮನೇದಲ್ಲ" ಎಂದು ನನ್ನನ್ನು ಗದರಿದರು, ನಾನು ಏನೂ ಕೇಳದಿದ್ದರೂ. ಬೇಯಿಸಿ ತಿಂದರು. ಗಿಣ್ಣಿನ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ, ಅದಕ್ಕೊಂದು ಅಚ್ಚು ಬೆಲ್ಲ ಹಾಕಿ, ಮತ್ತೆ ಸ್ಟೂಲ್ ಹತ್ತಿ ಆಚೆ ಇದ್ದ ಮರಿಯಪ್ಪನವರಿಗೆ ಕೊಟ್ಟರು.

"ಹಸುಗೆ ತಿನ್ನಿಸು. ನೀನು ಬಾಯಿಗೆ ಹಾಕ್ಕೊಂಡ್ಯೋ, ಜೋಕೆ!"

ಬೆಲ್ಲ ಪೂರ್ತಿ ಗೌರಿಯ ಬಾಯಿಗೆ ಹೋಗುವವರೆಗೂ ಸ್ಟೂಲಿನಿಂದ ಇಳಿಯಲಿಲ್ಲ.

ಬೆಳಿಗ್ಗೆ ನೋಡಿದರೆ, ಅತ್ತೆಯ ಕೈ ತರಚಿದ್ದ ಜಾಗದಲ್ಲಿ ಗಾಜೆಲ್ಲ ಕಿತ್ತು ಸಿಮೆಂಟು ಸವರಿದ್ದರು. ಕರುವನ್ನು ಸರಿಯಾಗಿ ಅದರ ಕೆಳಗೇ ಕಟ್ಟಿದ್ದರು.

"ಗಾಜು ತೆಗ್ಸಿದಾರೆ ಅತ್ತೆ" ಎಂದೆ.

"ಗೋಡೆ ತೆಗ್ದಿದಾನಾ?" ಎಂದು ಸಿಡುಕಿ, ಸ್ಟೂಲನ್ನು ಅಲ್ಲಿಗೇ ಎಳೆದುಕೊಂಡರು.