ಮುಂದಿನ ಪಾರ್ಲಿಮೆಂಟು

ನಾನು ನಿನಗೆ ಸುಳ್ಳು ಹೇಳಿದೆ, ಮಮತಾ. ಅದನ್ನೂ ನಾನು ಪಾಠ ಮಾಡುವ ಕಾನೂನಿನ ವಿಷಯದಲ್ಲೇ ಹೇಳಿದೆ — ನೀನು ನನ್ನನ್ನು ಮರುಮಾತಿಲ್ಲದೆ ನಂಬುತ್ತಿದ್ದುದು ಅದೊಂದರಲ್ಲೇ.

ಮದುವೆಯಾಗಿ ಐರ್ಲೆಂಡಿಗೆ ಬಂದ ಹೊಸತರಲ್ಲಿ, ಡಬ್ಲಿನ್ನಿನ ಪಕ್ಕದ ಡನ್ ಲಿಯರಿಯ ಕಡಲಕಟ್ಟೆಯ ಮೇಲೆ ನಡೆಯುತ್ತಾ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಮೊದಲು ಡಬ್ಲಿನ್ನಿನಲ್ಲಿ ನನ್ನ ಕೆಲಸ ಗಟ್ಟಿಯಾಗಲಿ, ಆಮೇಲೆ ಪಶ್ಚಿಮ ಕರಾವಳಿಯ ಗಾಲ್ವೇಗೆ ಹೋಗೋಣ, ನೀನು ಕಡಲಪಾಚಿಯ ಮೇಲೆ ಸಂಶೋಧನೆ ಮಾಡುವೆಯಂತೆ ಎಂದು. ನೀನು ಕಾದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸೀಟೂ ಸಿಕ್ಕಿತು. ಅಷ್ಟರಲ್ಲಿ ನನಗೆ ಕಾಲೇಜಿನಲ್ಲಿ ಬಡ್ತಿ ಬಂತು. ನಿನ್ನನ್ನು ಒಂದು ಮಾತು ಕೇಳದೆ ಒಪ್ಪಿಕೊಂಡೆ. ಮಗಳು ತನ್ವಿ ಇನ್ನೂ ತೊಟ್ಟಿಲಲ್ಲಿದ್ದಳು, ನಾವು ಎರಡೂರಲ್ಲಿ ಇರುವುದು ಆಗದ ಮಾತು.

ನೀನು ಒಪ್ಪಂದ ನೆನಪಿಸಿದಾಗ ನಾನು ನಗುತ್ತಾ ಅಂದೆ: "ಒಂದು ಪಾರ್ಲಿಮೆಂಟು ಮುಂದಿನ ಪಾರ್ಲಿಮೆಂಟಿನ ಕೈ ಕಟ್ಟೋಕಾಗಲ್ಲ ಕಣೇ. ಕಾನೂನೇ ಹಾಗಿದೆ."

ಮೇಷ್ಟ್ರು ಹೇಳಿದ ಮೇಲೆ ಮುಗೀತು ಎಂದು ನೀನೂ ನಕ್ಕು, ಟೀಗೆ ನೀರಿಟ್ಟೆ.

ಅದು ಲಂಡನ್ನಿನ ಕಾನೂನು. ಅಲ್ಲಿ ಪಾರ್ಲಿಮೆಂಟೇ ಸಾರ್ವಭೌಮ, ನಿನ್ನೆಯ ಮಾತು ಇಂದಿನದನ್ನು ಕಟ್ಟಿಹಾಕದು. ಈ ದೇಶದಲ್ಲಿ ಹಾಗಲ್ಲ — ಸಂವಿಧಾನದ ಒಂದಕ್ಷರ ತಿದ್ದಬೇಕಾದರೂ ಜನರನ್ನು ಕೇಳಬೇಕು. ಮರುದಿನ ಇದನ್ನೇ ತರಗತಿಯಲ್ಲಿ ಪಾಠ ಮಾಡಿದೆ, ನಾಚಿಕೆಯಿಲ್ಲದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆಮೇಲೆ ಎಷ್ಟೋ ಸಲ ಅನ್ನಿಸಿದೆ — ತಾನಾಡಿದ ಮಾತಿಗೆ ತಾನೇ ಕಟ್ಟುಬೀಳಲಾಗದವನು ಎಂಥ ಸಾರ್ವಭೌಮ...

ಮೊನ್ನೆ ಊಟ ಮಾಡುವಾಗ ತನ್ವಿ, ಜನಮತ ಸಂಗ್ರಹ ಯಾಕೆ ಮಾಡುತ್ತಾರೆ ಎಂದು ಶಾಲೆಯ ಪಾಠಕ್ಕಾಗಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿದೆ: "ಇಲ್ಲಿ ಪಾರ್ಲಿಮೆಂಟು ತಾನೇ ತೀರ್ಮಾನ ಮಾಡೋ ಹಾಗಿಲ್ಲ ಪುಟ್ಟಾ. ಮೂಲ ಒಪ್ಪಂದ ಬದಲಾಯಿಸ್ಬೇಕು ಅಂದ್ರೆ ಜನರನ್ನ ಕೇಳ್ಲೇಬೇಕು."

"ಗ್ರ್ಯಾಂಡ್, ಅಮ್ಮಾ," ಎಂದು, ಸರಿ ಅನ್ನುವುದಕ್ಕೆ ಇಲ್ಲಿಯವರು ಹೇಳುವ ಹಾಗೇ ಹೇಳಿ ಅವಳು ಎದ್ದುಹೋದಳು. ನೀನು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ನನ್ನ ಸುಳ್ಳು ನಿನಗೆ ಎಂದಿನಿಂದ ಗೊತ್ತಿತ್ತೋ — ಕೇಳುವ ಧೈರ್ಯ ಬರಲಿಲ್ಲ. ಕಣ್ಣು ತುಂಬಿತು, ಸಾರು ಖಾರ ಎಂದೆ. ಅದೂ ಸುಳ್ಳೇ.

ಗಾಲ್ವೇಯ ಆ ಸೀಟು ಹೋಯಿತು, ನಿನ್ನ ಆ ವರ್ಷಗಳೂ ಹೋದವು. ಕಳೆದದ್ದು ನಿನ್ನದು, ಕಳೆದವನು ನಾನು. ಈ ಭಾನುವಾರ ಅದೇ ಕಡಲಕಟ್ಟೆಗೆ ಹೋಗೋಣ ಬಾ. ಅಂದು ಕೇಳದೆ ಬಿಟ್ಟದ್ದನ್ನು ಕೇಳುತ್ತೇನೆ — ನಿನಗೇನು ಬೇಕು, ಮಮತಾ? ಉತ್ತರಕ್ಕೆ ಎಷ್ಟು ಕಾಲ ಬೇಕಾದರೂ ತೆಗೆದುಕೋ. ಈ ಸಲ ಕಾಯುವವನು ನಾನು.